ಖಾಲಿ ಉಳಿದ ಎರಡನೇ ಮೇಜು

ವಿಜಯಪುರದ ಒಣದ್ರಾಕ್ಷಿ ಮೇಳದಲ್ಲಿ ರಾಚವ್ವ ತನ್ನ ಬುಟ್ಟಿಯನ್ನು ಎರಡನೇ ನಂಬರಿನ ಖಾಲಿ ಮೇಜಿನ ಮೇಲೆ ಕುಕ್ಕಿದಳು. "ಇಲ್ಲಿ ದೆವ್ವ ಕುಂತದೇನಬೇ? ನಿಂತು ನಿಂತು ನನ್ನ ಕಾಲು ಬೇರು ಬಿಟ್ಟು ನಮ್ಮೂರು ಹೊನವಾಡದ ತನಕಾ ಹೋಗ್ಯಾವು."

ಲ್ಯಾಪ್‌ಟಾಪಿನ ಮುಂದೆ ಅಂಕಗಳ ಲೆಕ್ಕ ಹಾಕುತ್ತಿದ್ದ ಮಿನಾಜ ತಲೆ ಎತ್ತಿದಳು. ರುಚಿಗೆ ಅಂಕ ಕೊಟ್ಟು, ಮೊದಲ ಮೂರು ನಂಬರಿಗೆ ಮಾರಲು ಒಂದೊಂದು ಮೇಜು ಎಂದು ಮೇಳದವರು ಸಾರಿದ್ದರು. "ಆಯಿ, ಒಂದನೇ ನಂಬರಿಗೆ ಇಬ್ಬರು ಸಮ ಬಂದು ಒಂದ ಮೇಜು ಹಂಚಿಕೊಂಡಾರ. ಅದಕ್ಕ ಕಂಪ್ಯೂಟರ್ ಎರಡು ಬಿಟ್ಟು ಅವರ ಹಿಂದಿನ ಮಲ್ಲಿನಾಥಗ ಮೂರು ಕೊಟ್ಟೈತಿ. ನೀವು ನಾಕಕ್ಕ ಹೋದ್ರಿ."

"ಇಬ್ಬರು ಒಂದ ತಾಟಿನ್ಯಾಗ ಉಂಡ್ರ, ಮುಂದಿನ ತಾಟು ಖಾಲಿ ಇಟ್ಟು ನನ್ನ ಉಪಾಸ ಕೆಡವ್ತೀಯೇನು?"

ಮಿನಾಜ ಮತ್ತೆ ಕೀಲಿಮಣೆಯತ್ತ ಬಾಗಿದಳು. ಕಂಪ್ಯೂಟರಿಗೆ ಕೊಟ್ಟಿದ್ದ ಲೆಕ್ಕದ ಸಾಲಿನಲ್ಲಿದ್ದ 'ರ‍್ಯಾಂಕ್' ಪದದ ಮುಂಚೆ 'ಡೆನ್ಸ್' ಸೇರಿಸಿ, ನಡುವಿನ ನಂಬರು ಬಿಟ್ಟುಹೋಗದಂತೆ ಮಾಡಿ ಒತ್ತಿದಳು. ಮಲ್ಲಿನಾಥ ಎರಡಕ್ಕೆ ಏರಿದ, ರಾಚವ್ವ ಮೂರಕ್ಕೆ. ಅವಳು ಬುಟ್ಟಿ ಎತ್ತಿಕೊಂಡು ಹೋಗಿ, ಮೂರನೇ ಮೇಜಿನ ಮುಂದೆ ಊರು ಗೆದ್ದವಳಂತೆ ಕುಳಿತಳು.

"ಆಯಿ, ಸ್ವಲ್ಪ ಸರದು ಕುಂಡ್ರಿ. ನಿಮ್ಮಷ್ಟ ಅಂಕ ಸುಧಾರಾಣಿಯವ್ರಿಗೂ ಬಂದಾವ."

ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದ ಓರಗಿತ್ತಿ ಸುಧಾರಾಣಿ ಬುಟ್ಟಿ ಹೊತ್ತು ಅತ್ತಲೇ ಬರುತ್ತಿದ್ದಳು. ರಾಚವ್ವ ಎದ್ದು ನಿಂತಳು.

"ಆ ಹಳೇ ಲೆಕ್ಕನ ಹಾಕಬೇ. ನಾನು ನಿಂತ ಇರತೇನಿ."