ಗ್ಲಾಸು ಕೆಳಗಿಡುವ ಮೊದಲು

ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಇಂಗೆಲಿಸೆ ಹೊರಗೆ ಬಂದಾಗ ಅಸ್ಗರನ ತಟ್ಟೆಯಲ್ಲಿ ಹೆರಿಂಗ್ ಮೀನಿನ ಎರಡು ತುಂಡು ಉಳಿದಿದ್ದವು. ಎಪ್ಪತ್ತು ದಾಟಿದ ಅಡುಗೆಯವಳು; ಒಂದು ಕೈಯಲ್ಲಿ ಸ್ನ್ಯಾಪ್ಸ್ ಮದ್ಯದ ಬಾಟಲಿ, ಇನ್ನೊಂದರಲ್ಲಿ ಖಾಲಿ ಗ್ಲಾಸು. ಒಂದು ಮಾತು ಕೇಳದೆ ಎದುರಿನ ಕುರ್ಚಿ ಎಳೆದು ಕೂತಳು.

ಅಸ್ಗರನಿಗೆ ಪಿತ್ತ ನೆತ್ತಿಗೇರಿತು. ಕೋಪನ್‌ಹೇಗನ್ನಿನಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು ಎಂದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಹತ್ತು ಹೆಸರು ಬರೆಯುವವನು ಅವನು. ಗುರುತು ಸಿಗಬಾರದೆಂದೇ ಇಪ್ಪತ್ತು ವರ್ಷದಿಂದ ಒಬ್ಬನೇ ಮೂಲೆ ಹಿಡಿದು ಉಣ್ಣುತ್ತಿದ್ದ. ಈ ನೆಲಮಾಳಿಗೆಯ ಊಟದಂಗಡಿಯಲ್ಲೂ ಪತ್ತೆ ಹಚ್ಚಿ ಬೆಣ್ಣೆ ಹಚ್ಚಲು ಬಂದಳಲ್ಲ ಎಂದುಕೊಂಡ. ಹೆರಿಂಗ್‌ನ ಬಗ್ಗೆ ಈಗಷ್ಟೇ ಒಂದು ಕೊರತೆ ಗೀಚಿದ್ದ ಪುಟ್ಟ ಪುಸ್ತಕವನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

"ನಾನು ಯಾರು ಅಂತ ಗೊತ್ತಾಯ್ತೇನು ನಿಮಗೆ?"

"ಯಾರಾದ್ರೆ ನನಗೇನಪ್ಪಾ? ಇವತ್ತು ವಿನೆಗರಲ್ಲಿ ಹೆರಿಂಗ್ ನೆನೆಹಾಕಿದ ಹೊಸ ಭರಣಿ ತೆಗೆದಿದೀನಿ, ಅದರ ಮೊದಲನೇ ಗಿರಾಕಿ ನೀನು. ಒಂಟಿಯಾಗಿ ಬಂದು ಗೋಡೆ ನೋಡ್ಕೊಂಡು ಕುಡಿದ್ರೆ ನನ್ನ ಕೆಲಸ ನಡೆಯೋದು ಹೇಗೆ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅವಳು ದನಿ ತಗ್ಗಿಸಿದಳು.

"ಮೂರು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗೋವಾಗ ನಾಲಿಗೆ ರುಚಿ, ಮೂಗಿನ ವಾಸನೆ ಎರಡನ್ನೂ ಕಟ್ಕೊಂಡು ಹೋಯ್ತು. ವಿನೆಗರ್ ಕೂಡ ನನಗೆ ಈಗ ಬರೀ ನೀರು. ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಗುರುತಿಲ್ಲದವನು, ಯಾರ ಹತ್ರ ಹೋಗಿ ಹೇಳ್ತೀಯ?"

ಅದೇ ವಾರ ಇಡೀ ಊರಿಗೆ ಹೇಳಬಲ್ಲವನು ತಟ್ಟೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಮತ್ತೆ ಇಷ್ಟು ದಿನ ಹೇಗೆ ಮಾಡಿದ್ರಿ?"

"ಅಲ್ಲೊಂದು ಕಿಂಡಿ ಇದೆ ನೋಡು, ಅಲ್ಲಿಂದ ನೋಡ್ತಿರ್ತೀನಿ. ಹೆರಿಂಗ್ ತಿಂದು ಜನ ಸ್ಕೋಲ್ ಅಂತ ಗ್ಲಾಸು ಎತ್ತುತಾರಲ್ಲ, ಕುಡಿಯೋ ಮೊದಲು ಒಬ್ಬರನ್ನೊಬ್ಬರು ನೋಡ್ತಾರೆ. ಅದು ಬರೀ ಮರ್ಯಾದೆ. ಕುಡಿದಾದ ಮೇಲೆ, ಗ್ಲಾಸು ಕೆಳಗಿಡೋ ಮೊದಲು ಇನ್ನೊಂದು ಸಲ ನೋಡ್ತಾರೆ. ಆ ನೋಟದಲ್ಲಿ ಸುಳ್ಳು ಇರಲ್ಲ. ಉಪ್ಪು, ಹುಳಿ, ಸಿಹಿ ಎಲ್ಲ ಅಲ್ಲೇ ಗೊತ್ತಾಗುತ್ತೆ. ಗೊತ್ತಾಗದ ದಿನ ಏಪ್ರನ್ ಬಿಚ್ಚಿಟ್ಟು ಮನೆಗೆ ಹೋಗೋದೇ."

"ಬಾಯಿಬಿಟ್ಟು ಕೇಳಬಹುದಿತ್ತಲ್ಲ."

"ಕೇಳಿದ್ರೆ ಎಲ್ಲರೂ ಪರವಾಗಿಲ್ಲ ಅಂತೀರಿ. ಈ ಊರಿನ ಬಾಯಿಗೆ ಬರೋದು ಅದೊಂದೇ ಮಾತು."

ಅಸ್ಗರನಿಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಕೊರತೆ ಇರುವುದೇನೋ ನಿಜ, ಆದರೆ ಅದು ಕೂದಲೆಳೆಯಷ್ಟು. ಅದಕ್ಕಾಗಿ ಈ ವಯಸ್ಸಿನಲ್ಲಿ ಅವಳನ್ನು ನೋಯಿಸುವುದೇಕೆ? ಮುಖದ ಮೇಲೆ ಏನನ್ನೂ ತೋರಿಸಬಾರದೆಂದು ಗಟ್ಟಿ ಮನಸ್ಸು ಮಾಡಿ ಉಳಿದಿದ್ದ ಮೀನನ್ನು ಬಾಯಿಗಿಟ್ಟುಕೊಂಡ. ಅವಳು ಎರಡೂ ಗ್ಲಾಸು ತುಂಬಿದಳು.

"ಸ್ಕೋಲ್."

ನೋಡಿದರು, ಕುಡಿದರು, ಮತ್ತೆ ನೋಡಿದರು. ಅವಳ ಕಣ್ಣು ತಿಳಿನೀಲಿ, ರೆಪ್ಪೆ ಅಲುಗಲಿಲ್ಲ. ಇಪ್ಪತ್ತು ವರ್ಷದಲ್ಲಿ ತಾನು ಯಾರ ಜೊತೆಗೂ ಹೀಗೆ ಕುಡಿದಿಲ್ಲವೆಂಬುದು ಅವನಿಗೆ ಆಗಲೇ ಹೊಳೆದದ್ದು.

ಇಂಗೆಲಿಸೆ ಗ್ಲಾಸು ಕೆಳಗಿಟ್ಟಳು. "ಸಕ್ಕರೆ ಕಮ್ಮಿ."

ಅವನ ಕೈ ತಾನಾಗಿ ಜೇಬಿನ ಪುಸ್ತಕದ ಮೇಲೆ ಹೋಯಿತು.

"ಉಪ್ಪು ಹೆಚ್ಚಾದ್ರೆ ಕಣ್ಣು ಚಿಕ್ಕದಾಗುತ್ತೆ. ನಿಂದು ಹಾಗಲ್ಲ, ಏನನ್ನೋ ಹುಡುಕ್ತಾ ಇತ್ತು. ಇರು, ಹಳೇ ಭರಣೀದು ತರ್ತೀನಿ. ಇದನ್ನ ನಾಳೆ ಸರಿಮಾಡಿದ್ರಾಯ್ತು." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಏಪ್ರನ್ನಿನ ಗಂಟು ಬೆನ್ನ ಮೇಲೆ ಬಿಗಿಯಾಗಿಯೇ ಇತ್ತು.

ಅಸ್ಗರ್ ಜೇಬಿನಿಂದ ಪುಸ್ತಕ ತೆಗೆದ. ಅವನದೇ ಅಕ್ಷರದಲ್ಲಿತ್ತು: ಹೆರಿಂಗ್‌ಗೆ ಸಿಹಿ ಸ್ವಲ್ಪ ಸಾಲದು.  ತನ್ನ ನಾಲಿಗೆಯ ಬಗ್ಗೆ ಇಷ್ಟು ವರ್ಷ ಪಟ್ಟುಕೊಂಡಿದ್ದ ಹೆಮ್ಮೆಗೆ ಅವನಿಗೆ ನಾಚಿಕೆಯಾಯಿತು.

ಆ ಶನಿವಾರ ಪತ್ರಿಕೆಯಲ್ಲಿ ಒಂಬತ್ತು ಜಾಗಗಳ ಬಗ್ಗೆ ಎಂದಿನಂತೆ ಉದ್ದುದ್ದ ಬರೆದಿದ್ದ. ಹತ್ತನೆಯದರಲ್ಲಿ ನೆಲಮಾಳಿಗೆಯ ಹೆಸರು, ಬೀದಿಯ ಹೆಸರು, ಅದರ ಕೆಳಗೆ ಒಂದೇ ಸಾಲು ಇತ್ತು: "ಹೆರಿಂಗ್ ತಿನ್ನಿ, ಆದರೆ ಒಬ್ಬರೇ ಹೋಗಬೇಡಿ."