ಆಮೆಮರಿಗಳಿಗೆ ದಾರಿ

ಮದುವೆಯ ಮುನ್ನಾದಿನ ಮುಸ್ಸಂಜೆ. ಕಡಲಂಚಿನ ಚಪ್ಪರದಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಮರಳಿನಿಂದ ಆಗಷ್ಟೇ ಹೊರಬಂದ ಕಡಲಾಮೆ ಮರಿಗಳು ದಂಡುಗಟ್ಟಿ ಒಳಗೆ ನುಗ್ಗಿದವು. ನೆಂಟರು ಕಿರುಚಿಕೊಂಡು ಕುರ್ಚಿ ಹತ್ತಿದರು.

ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ಮದುಮಗಳು ರೇವತಿ ಮೊದಲ ಸಲ ಬಾಯಿಬಿಟ್ಟಳು. "ಅಪ್ಪಯ್ಯ, ಬೆಳ್ಕೇ ಸಮುದ್ರ ಅಂದೇಳಿ ಮರಿ ಇತ್ಲಾಗ್ ಬತ್ತಾ ಇತ್ತ್. ಲೈಟ್ ಆರ್ಸಿ."

"ಮದಿ ಮನಿಯಂಗ್ ಕತ್ಲಿ ಮಾಡೂದಾ? ಜನ ಎಂತ ಹೇಳ್ತ್ರ್?"

"ಕತ್ಲಿಯಾದ್ರೆ ಪಾಪದ ಮರಿಗೆ ನೀರಿನ್ ದಾರಿ ಕಾಣ್ತ್. ಎಲ್ಲಾರೂ ಮೊಬೈಲೂ ಆಫ್ ಮಾಡಿ. ಯಾರೂ ಅಲ್ಲಾಡ್ಬೇಡಿ, ಕಾಲಡಿಗ್ ಸಿಕ್ಕಿ ಸಾಯ್ತ್."

ಮಗಳ ಕರುಣೆಗೆ ಅಪ್ಪನ ಕಣ್ಣು ತೇವವಾಯಿತು. ಅವರೇ ಹೋಗಿ ಸ್ವಿಚ್ ಒತ್ತಿದರು. ನೆಂಟರು ಕುರ್ಚಿಗಳ ಮೇಲೇ ಉಸಿರು ಬಿಗಿಹಿಡಿದು ನಿಂತರು. ಮರಳಿನ ಮೇಲಿನ ಸರಸರ ಸದ್ದು ಕಡಲಿನತ್ತ ಸಾಗಿ ನಿಂತಿತು.

ಮತ್ತೆ ದೀಪ ಹಾಕಿದಾಗ ಚಪ್ಪರದಲ್ಲಿ ಒಂದು ಮರಿಯೂ ಇರಲಿಲ್ಲ, ಮದುಮಗಳೂ ಇರಲಿಲ್ಲ.