ತಟ್ಟೆಯೊಳಗಿನ ಯಜಮಾನ್ರು

ಒಂಚೂರು ನಿಂತು ಇದನ್ನ ಕೇಳ್ಬಿಡಿ. ಮನುಷ್ಯನ ಮೈ ಹೋದ್ರೂ, ಲ್ಯಾಬಿನ ಗಾಜಿನ ತಟ್ಟೇಲಿ ಅವನದೊಂದೇ ಒಂದು ಜೀವಕೋಶ ಉಳಿದಿದ್ರೆ ಅವನು ಬದುಕಿದಾನೆ ಅಂತಲೇ ಆ ಊರಲ್ಲಿ ಕಾನೂನು. ಲ್ಯಾಬ್ ನಡೆಸೋ ತೇಜಾವತಿ ಬೆಳಿಗ್ಗೆ ಬಂದು ನೋಡಿದ್ರೆ ಭದ್ರಯ್ಯನವರ ತಟ್ಟೆ ತುಂಬಾ ಬೂಷ್ಟು, ಒಂದು ಕೋಶಾನೂ ಉಳಿದಿಲ್ಲ. ನಿನ್ನೆ ಗ್ಲೌಸ್ ಬದಲಾಯಿಸದೇ ಕೋಶಗಳಿಗೆ ಊಟ ಹಾಕಿದ್ದು ಅವಳೇ.

ಅಷ್ಟರಲ್ಲಿ ಭದ್ರಯ್ಯನವರ ಹೆಂಡತಿ ಚೂಡಾಮಣಿಯಮ್ಮ ಬಂದ್ರು. "ನಮ್ಮನೆಯವ್ರಿಗೆ ಊಟ ಆಯ್ತೇನಮ್ಮಾ? ಎಲ್ಲಿ, ತೋರ್ಸು."

ನೀವು ವಿಧವೆ ಆದ್ರಿ ಅಂತ ಹೇಳೋಕೆ ತೇಜಾವತಿಗೆ ಬಾಯಿ ಬರ್ಲಿಲ್ಲ. ಬೇರೆ ಯಾರದ್ದೋ ತಟ್ಟೆ ತಗೊಂಡು ಮೈಕ್ರೋಸ್ಕೋಪಿಗೆ ಇಟ್ಲು. ಪರದೆ ಮೇಲೆ ಕೋಶವೊಂದು ಮೆಲ್ಲಗೆ ಎರಡಾಯ್ತು.

"ಮನೇಲಿದ್ದಾಗ ಕುಡಿದ ಲೋಟ ಎತ್ತಿಡ್ತಿರ್ಲಿಲ್ಲ, ಇಲ್ಲಿ ನೋಡು ಎಷ್ಟು ಚುರುಕು!" ಅಂತ ನಕ್ಕು ಚೂಡಾಮಣಿಯಮ್ಮ ಪರದೆ ಸವರಿದ್ರು. "ನಾಳೆ ಮದುಮಗಳಾಗಿರೋ ನಮ್ಮ ಮಗಳನ್ನ ಕರ್ಕೊಂಡು ಬರ್ತೀನಿ, ಅಪ್ಪನ ಆಶೀರ್ವಾದ ತಗೊಳ್ಲಿ."

ತೇಜಾವತಿ ಆಗ್ಲಿ ಅಂತ ತಲೆ ಆಡಿಸಿದ್ಲು. ನೀವಾಗಿದ್ರೆ ಏನ್ ಮಾಡ್ತಿದ್ರಿ?